ಚಿಟ್ಟೆಯೋ ಪತಂಗವೋ ಆಗುವ ಮುನ್ನ, ಪ್ಯೂಪಾ ಎಂಬ ಕೋಶದ ಹಂತದಲ್ಲಿ ಹುಳು ಪೂರ್ತಿ ಕರಗಿಹೋಗುತ್ತದೆಯೇ?

ಇಲ್ಲ. ಸ್ನಾಯುಗಳು, ಜೀರ್ಣಾಂಗದ ಬಹುಭಾಗ ಒಡೆದು ಹೊಸ ದೇಹಕ್ಕೆ ಆಹಾರವಾಗುತ್ತವೆ; ಶ್ವಾಸನಾಳ, ನರಮಂಡಲ ಮಾರ್ಪಾಡಾಗಿ ಉಳಿಯುತ್ತವೆ. ರೆಕ್ಕೆಯಾಗಬೇಕಾದ ಜೀವಕೋಶಗಳ ಗುಂಪು ಹುಳುವಿನಲ್ಲೇ ಇರುತ್ತದೆ. ಹುಳುವನ್ನು ಹುಳುವಾಗಿಯೇ ಉಳಿಸುವ ಜುವೆನೈಲ್ ಹಾರ್ಮೋನ್ ಇಳಿದು, ಪೊರೆ ಕಳಚಿಸುವ ಎಕ್ಡೈಸೋನ್ ಹಾರ್ಮೋನ್ ಏರಿದಾಗ ಅದು ರೂಪ ತಾಳತೊಡಗುತ್ತದೆ.

ರೇಷ್ಮೆಹುಳು ಗೂಡಿನೊಳಗೆ ಸುಮಾರು 10–14 ದಿನಗಳಲ್ಲಿ ಇದನ್ನು ಮುಗಿಸುತ್ತದೆ. ಪತಂಗ ಹೊರಬಂದರೆ ಗೂಡು ತೂತಾಗಿ ಎಳೆ ಕೆಡುತ್ತದೆ. ಹಾಗಾಗಿಯೇ ರಾಮನಗರದ ಮಾರುಕಟ್ಟೆಯಲ್ಲಿ ಕೊಂಡ ಗೂಡುಗಳನ್ನು ಅಷ್ಟರೊಳಗೆ ಬೇಯಿಸಿ ನೂಲು ತೆಗೆಯುವುದು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ನೆನಪಿನ ವಿಷಯ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ತಂಬಾಕಿನ ಹಾರ್ನ್‌ವರ್ಮ್ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಪ್ಯೂಪಾ ಆಗುವ ಮುಂಚಿನ ಕೊನೆಯ ಹಂತದಲ್ಲಿ ಈ ಪಾಠ ಕಲಿತ ಹುಳುಗಳಲ್ಲಿ ಹೆಚ್ಚಿನವು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು.