ಅಕ್ಕನ ಮಗಳನ್ನು ದತ್ತು ತಗೊಳ್ಳಲು ಬಾಂಡ್ ಪೇಪರ್ ಸಾಕೇ?

ಪ್ರಶ್ನೆ: ನನ್ನ ಅಕ್ಕ, ಭಾವ ಇಬ್ಬರೂ ತೀರಿಕೊಂಡಿದ್ದಾರೆ. ಅವರ ಏಳು ವರ್ಷದ ಮಗಳು ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾಳೆ. ನಮಗೊಬ್ಬ ಮಗನಿದ್ದಾನೆ. ಅವಳನ್ನು ದತ್ತು ತಗೊಳ್ಳುವ ಆಸೆ. ಊರ ಹಿರಿಯರು 'ಬಾಂಡ್ ಪೇಪರ್ ಮೇಲೆ ಬರೆಸಿ, ನಾಲ್ಕು ಮಂದಿ ಸಹಿ ಹಾಕಿದರಾಯಿತು' ಅನ್ನುತ್ತಾರೆ. ಅವಳ ಅಪ್ಪನ ಕಡೆಯ ಅಜ್ಜಿಗೆ ಮೊಮ್ಮಗಳು ಕೈತಪ್ಪುತ್ತಾಳೆ, ಭಾವನ ಹೆಸರಿನ ಎರಡು ಎಕರೆ ಹೊಲವೂ ಹೋಗುತ್ತದೆ ಎಂಬ ಭಯ. ಮಗು ಈಗಲೂ ನನ್ನನ್ನು ಚಿಗವ್ವ ಅಂತಲೇ ಕರೆಯುತ್ತಾಳೆ. ಏನು ಮಾಡಲಿ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಆ ಬಾಂಡ್ ಪೇಪರ್ ನಿಲ್ಲುವುದಿಲ್ಲ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಮಗುವನ್ನು ದತ್ತು ಕೊಡುವ ಹಕ್ಕು ಹೆತ್ತವರದು. ಇಬ್ಬರೂ ಇಲ್ಲದಾಗ ಪಾಲಕರು ಕೊಡಬಹುದು, ಆದರೆ ಮೊದಲು ನ್ಯಾಯಾಲಯದ ಅನುಮತಿ ಪಡೆದಿರಬೇಕು. ಅಜ್ಜಿಯಾಗಲಿ, ಕಾಕಾ ಆಗಲಿ ಬರೀ ಸಹಿ ಹಾಕಿ ಒಪ್ಪಿಸಲು ಬರುವುದಿಲ್ಲ. ಇಂಥ ಕಾಗದದ ತೊಂದರೆ ಇವತ್ತು ಕಾಣುವುದಿಲ್ಲ, ಹದಿನೈದು ವರ್ಷದ ಮೇಲೆ ಆಸ್ತಿ ಪಾಲಾಗುವಾಗ ಕಾಣುತ್ತದೆ. ಆಗ 'ಇವಳು ಈ ಮನೆಗೆ ಏನಾಗಬೇಕು' ಎಂಬ ಮಾತು ಕೇಳಿಸಿಕೊಳ್ಳಬೇಕಾದವಳು ಆ ಹುಡುಗಿ.

ಇನ್ನೊಂದು ದಾರಿಯಿದೆ, ನಿಮಗೆ ಅದೇ ಸರಿ ಅನ್ನಿಸುತ್ತದೆ ನನಗೆ: 2015ರ ಬಾಲನ್ಯಾಯ ಕಾಯ್ದೆಯ 'ಸಂಬಂಧಿಕರ ದತ್ತು'. ತಾಯಿಯ ತಂಗಿ ಈ ಕಾಯ್ದೆಯ ಪ್ರಕಾರ ಸಂಬಂಧಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಕೇಂದ್ರ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಹೆತ್ತವರಿಲ್ಲದ ಕಾರಣ ಮಕ್ಕಳ ಕಲ್ಯಾಣ ಸಮಿತಿ ಅನುಮತಿ ಕೊಡಬೇಕು. ಐದು ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ, ಕೇಳಲೇಬೇಕು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಹೊರಡಿಸುವವರು ಜಿಲ್ಲಾಧಿಕಾರಿ. ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಮಕ್ಕಳಿಗಾಗಿ ವರ್ಷಗಟ್ಟಲೆ ಕಾಯುವ ದಂಪತಿಗಳ ಸರದಿಯಲ್ಲಿ ನೀವು ನಿಲ್ಲಬೇಕಿಲ್ಲ.

ಅಷ್ಟರಲ್ಲಿ ಖರ್ಚಿಗೆ ಕಷ್ಟವಾದರೆ ಅದೇ ಘಟಕದಲ್ಲಿ ಪ್ರಾಯೋಜಕತ್ವ ಯೋಜನೆಯನ್ನು ವಿಚಾರಿಸಿ. ಅನಾಥರಾಗಿ ನೆಂಟರ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಾದರೆ ಮನೆಯ ವಾರ್ಷಿಕ ಆದಾಯ 72,000 ರೂಪಾಯಿ ದಾಟಿರಬಾರದು.

ಇನ್ನು ಹೊಲ. ಅಪ್ಪ-ಅವ್ವ ತೀರಿಕೊಂಡಾಗಲೇ ಮಗುವಿಗೆ ಬಂದ ಪಾಲು ದತ್ತು ಆದಮೇಲೂ ಅವಳದೇ. ಭಾವ ವಿಲ್ ಬರೆಯದೆ ಹೋಗಿದ್ದರೆ ಅವರ ಹೊಲದಲ್ಲಿ ಅಜ್ಜಿಗೂ ಪಾಲಿದೆ, ಇದನ್ನು ಅವರಿಗೆ ನೀವೇ ಬಾಯಿಬಿಟ್ಟು ಹೇಳಿ. ದತ್ತಿಗೆ ಮೊದಲು ಪೌತಿ ಖಾತೆ (ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿ, ಪಹಣಿಯಲ್ಲಿ ಮಗು, ಅಜ್ಜಿ ಇಬ್ಬರ ಹೆಸರೂ ಬರಲಿ. ಒಂದು ಮಾತು ಮಾತ್ರ ಮುಚ್ಚಿಡಬೇಡಿ: ದತ್ತು ಆದಮೇಲೆ ಮಗು ಆ ಅಜ್ಜಿಗೆ ಕಾನೂನಿನ ವಾರಸುದಾರಳಲ್ಲ. ತಮ್ಮ ಪಾಲು ಮೊಮ್ಮಗಳಿಗೇ ಸೇರಲಿ ಎಂದು ಅವರಿಗಿದ್ದರೆ ವಿಲ್ ಬರೆದಿಡಲಿ.

ಚಿಗವ್ವ ಅನ್ನುವುದು ನಿಮಗೆ ಸ್ವಲ್ಪ ನೋವು ಕೊಡುತ್ತಿದೆ ಅನ್ನಿಸಿತು. ತಿದ್ದಬೇಡಿ. ನಿಮ್ಮ ಮಗ ಅವ್ವ ಅನ್ನುವುದನ್ನು ಅವಳು ದಿನವೂ ಕೇಳುತ್ತಾಳೆ, ಬಂದರೆ ತಾನಾಗಿ ಬರುತ್ತದೆ. ಬರದಿದ್ದರೆ, ಅವ್ವ ಎಂಬ ಮಾತನ್ನು ಅವಳು ನಿಮ್ಮ ಅಕ್ಕನಿಗಾಗಿ ಉಳಿಸಿಕೊಂಡಿದ್ದಾಳೆ ಅಂದುಕೊಳ್ಳಿ. ಅಕ್ಕ-ಭಾವನ ಫೋಟೊ ಟ್ರಂಕಿನಲ್ಲಿದ್ದರೆ ತೆಗೆದು ಗೋಡೆಗೆ ಹಾಕಿ. ಅವರ ವಿಷಯ ಕೇಳಿದಾಗ ಮಾತು ಮರೆಸಬೇಡಿ, ಅತ್ತರೆ ಅಳಲಿ. ಜಾತ್ರೆಗೆ, ದೀಪಾವಳಿಗೆ ಅಜ್ಜಿಯ ಊರಿಗೆ ಕಳಿಸುವುದನ್ನು ಈ ವರ್ಷದಿಂದಲೇ ರೂಢಿ ಮಾಡಿ. ಶಾಲೆಯ ಟೀಚರಿಗೂ, ಓಣಿಯ ಹೆಣ್ಣುಮಕ್ಕಳಿಗೂ 'ಪಾಪ, ತಬ್ಬಲಿ' ಎಂದು ಅವಳ ಮುಂದೆ ಅನ್ನಬೇಡಿ ಅಂತ ಹೇಳಿಬಿಡಿ. ಆ ಮಾತು ಮಕ್ಕಳನ್ನು ಕುಗ್ಗಿಸುತ್ತದೆ.

ಸಮಿತಿಯ ಮುಂದೆ ಹೋಗುವ ದಿನ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಅವರ ಸಹಿ ಕಾನೂನಿಗೆ ಬೇಕಿಲ್ಲದಿರಬಹುದು, ಆದರೆ ಒಪ್ಪಿಗೆ ಇದೆಯೇ ಎಂದು ಮಗುವನ್ನು ಕೇಳುವಾಗ ಅದು ಮೊದಲು ನೋಡುವುದು ಅವರ ಮುಖವನ್ನೇ.