ನೆದರ್ಲೆಂಡ್ಸ್‌ನಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ: ಕೇಳಬಹುದಾ, ಕೇಳಿದರೆ ಕೊಡ್ತಾರಾ?

ಮುಂದಿನ ತಿಂಗಳು ಐಂಡ್‌ಹೋವನ್‌ಗೆ ಬರುತ್ತಿದ್ದೀರಿ. ಜೊತೆಗೆ ಯಜಮಾನರು, ಎರಡೂವರೆ ವರ್ಷದ ಮಗಳು. ಆಫರ್ ಲೆಟರ್‌ನಲ್ಲಿ ವಾರಕ್ಕೆ 40 ಗಂಟೆ, ಹೈಬ್ರಿಡ್ ಅಂತಿದೆ. "ಅಲ್ಲಿ ಎಲ್ಲರೂ ನಾಲ್ಕೇ ದಿನ ಕೆಲಸ ಮಾಡ್ತಾರಂತೆ, ನಿಜವಾ? ನಮ್ಮಂಥವರು ಕೇಳಿದರೆ ಮ್ಯಾನೇಜರ್ ತಪ್ಪು ತಿಳ್ಕೊಳ್ಳಲ್ವಾ?" ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಐಟಿ ಕೆಲಸ ಬಿಟ್ಟು ಇಲ್ಲಿಗೆ ಬಂದು ಹತ್ತು ವರ್ಷ ದಾಟಿತು. ನನ್ನನ್ನು ಇಲ್ಲಿ ಉಳಿಸಿದ್ದೇ ಈ ವಿಷಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಎಲ್ಲರೂ ಅಲ್ಲ, ಆದರೆ ತುಂಬಾ ಜನ. ಯುರೋಪಿಯನ್ ಒಕ್ಕೂಟದಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುವವರ ಪಾಲು ಅತಿ ಹೆಚ್ಚು ಇರುವುದು ಈ ದೇಶದಲ್ಲೇ. ಅಂಗಡಿ, ಹೋಟೆಲ್ ಕೆಲಸದವರು ಮಾತ್ರ ಅಂದುಕೊಳ್ಳಬೇಡಿ. ಎಂಜಿನಿಯರು, ಡಾಕ್ಟರು, ಟೀಮ್ ನಡೆಸುವ ಮ್ಯಾನೇಜರು, ಎಲ್ಲರಲ್ಲೂ ವಾರಕ್ಕೆ 32 ಗಂಟೆಯವರು, 36 ಗಂಟೆಯವರು ಸಿಗುತ್ತಾರೆ. ನಾನು ಬಂದ ಹೊಸದರಲ್ಲಿ ನಮ್ಮ ಮ್ಯಾನೇಜರ್ ಒಂದು ಸಂಜೆ ನಾಲ್ಕೂವರೆಗೆ, ಮೀಟಿಂಗ್ ನಡುವೆಯೇ ಲ್ಯಾಪ್‌ಟಾಪ್ ಮುಚ್ಚಿದರು. "ಕ್ರೆಷ್‌ನಿಂದ ಮಗನನ್ನು ಕರೆದುಕೊಂಡು ಬರಬೇಕು, ಉಳಿದದ್ದು ನಾಳೆ" ಅಂದು ಮಳೆ ಜಾಕೆಟ್ ಹಾಕಿಕೊಂಡು ಸೈಕಲ್ ಹತ್ತಿದರು. ಸಾರಿ ಅನ್ನಲಿಲ್ಲ. ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಅವರ ಕ್ಯಾಲೆಂಡರ್‌ನಲ್ಲಿ ಶುಕ್ರವಾರ ಪೂರ್ತಿ ಮುಚ್ಚಿರುತ್ತಿತ್ತು. ಅದು ಅವರ 'ಪಪಾಡಾಖ್', ಅಂದರೆ ಅಪ್ಪ ಮಗುವಿನ ಜೊತೆ ಇರುವ ದಿನ. ಅವತ್ತು ಮೇಲ್ ಹಾಕಿದರೆ "ನಾನು ಶುಕ್ರವಾರ ಕೆಲಸ ಮಾಡುವುದಿಲ್ಲ, ಸೋಮವಾರ ಉತ್ತರಿಸುತ್ತೇನೆ" ಅನ್ನುವ ಉತ್ತರ ತಾನಾಗಿಯೇ ಬರುತ್ತಿತ್ತು. ಬಾಸ್ ಆದವರೇ ಹೀಗೆ ಎದ್ದು ಹೋದರೆ ಉಳಿದವರಿಗೂ ಧೈರ್ಯ ಬರುತ್ತದೆ ಅಲ್ವಾ?

ಇದರ ಹಿಂದೆ ಕಾನೂನೂ ಇದೆ. ಕೆಲಸದ ಗಂಟೆ ಕಡಿಮೆ ಮಾಡಿ ಅಥವಾ ಜಾಸ್ತಿ ಮಾಡಿ ಎಂದು ಕೇಳುವ ಹಕ್ಕು 2000ದಲ್ಲೇ ಬಂತು. ಅದನ್ನು ವಿಸ್ತರಿಸಿ 2016ರಲ್ಲಿ ಫ್ಲೆಕ್ಸಿಬಲ್ ಕೆಲಸದ ಕಾಯ್ದೆ ತಂದರು. ಕಂಪನಿಯಲ್ಲಿ 26 ವಾರ ಪೂರೈಸಿರಬೇಕು. ಬದಲಾವಣೆ ಬೇಕಾದ ದಿನಕ್ಕಿಂತ ಕನಿಷ್ಠ ಎರಡು ತಿಂಗಳು ಮುಂಚೆ ಬರವಣಿಗೆಯಲ್ಲಿ ಕೇಳಬೇಕು. ಆ ದಿನಕ್ಕೆ ಒಂದು ತಿಂಗಳು ಇರುವಾಗಲೂ ಕಂಪನಿ ಉತ್ತರ ಕೊಡದಿದ್ದರೆ ನೀವು ಕೇಳಿದಂತೆಯೇ ಜಾರಿಗೆ ಬರುತ್ತದೆ. ಗಂಟೆಯ ವಿಚಾರದಲ್ಲಿ ಬೇಡ ಅನ್ನಬೇಕಾದರೆ ಕಂಪನಿಗೆ ಗಟ್ಟಿ ಕಾರಣ ಬೇಕು. ಸುಮ್ನೆ "ನಮ್ಮಲ್ಲಿ ಹಾಗೆ ಪದ್ಧತಿ ಇಲ್ಲ" ಅಂದರೆ ನಡೆಯುವುದಿಲ್ಲ. ಹತ್ತು ಜನಕ್ಕಿಂತ ಚಿಕ್ಕ ಕಂಪನಿಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ, ಅಷ್ಟೆ.

ಮನೆಯಿಂದ ಕೆಲಸದ ವಿಷಯ ಬೇರೆ. ಅದಕ್ಕೆ ಇಷ್ಟು ಬಲ ಇಲ್ಲ. ನೀವು ಕೇಳಿದ್ದನ್ನು ಕಂಪನಿ ಪರಿಗಣಿಸಬೇಕು, ಒಪ್ಪದಿದ್ದರೆ ನಿಮ್ಮ ಜೊತೆ ಮಾತಾಡಬೇಕು, ಅಲ್ಲಿಗೆ ಮುಗಿಯಿತು. ಇದನ್ನು ಬಲಪಡಿಸುವ ಮಸೂದೆಯೊಂದು ಕೆಳಮನೆಯಲ್ಲಿ ಪಾಸಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಮೇಲ್ಮನೆ ಅದನ್ನು ಬೀಳಿಸಿತು. ಹಾಗಾಗಿ "ಹೈಬ್ರಿಡ್" ಅನ್ನುವ ಒಂದು ಪದ ನಂಬಿಕೊಂಡು ದೂರದ ಊರಲ್ಲಿ ಮನೆ ಮಾಡಬೇಡಿ. ವಾರಕ್ಕೆ ಎಷ್ಟು ದಿನ ಆಫೀಸು, ಯಾವ ದಿನ ಅಂತ ಬರೆಸಿಕೊಳ್ಳಿ. ಸಂಕ್ರಾಂತಿಗೆ ಊರಿಗೆ ಹೋಗಿ ಅಲ್ಲಿಂದಲೇ ಒಂದು ತಿಂಗಳು ಕೆಲಸ ಮಾಡೋಣ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೂ ಲಿಖಿತ ಅನುಮತಿ ಬೇಕು. ತೆರಿಗೆ, ವಿಮೆ, ಡೇಟಾ ಸುರಕ್ಷತೆ ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ.

ಈಗ ನಿಮಗೆ ಬಹಳ ಮುಖ್ಯವಾದ ಮಾತು. ಹೈಲಿ ಸ್ಕಿಲ್ಡ್ ಮೈಗ್ರಂಟ್ ವೀಸಾದಲ್ಲಿ, ಅಂದರೆ ಹೊರದೇಶದ ಪರಿಣತ ಕೆಲಸಗಾರರಿಗೆ ಕೊಡುವ ವೀಸಾದಲ್ಲಿ, ಬರುವವರಿಗೆ ಸಂಬಳದ ಕನಿಷ್ಠ ಮಿತಿ ಇದೆ. 2025ರಲ್ಲಿ, 30 ವರ್ಷ ತುಂಬಿದವರಿಗೆ ಅದು ತಿಂಗಳಿಗೆ 5,688 ಯೂರೋ ಇತ್ತು, 8 ಪರ್ಸೆಂಟ್ ರಜಾ ಭತ್ಯೆ ಬಿಟ್ಟು. ಪ್ರತಿ ಜನವರಿಯಲ್ಲಿ ಈ ಮೊತ್ತ ಬದಲಾಗುತ್ತದೆ. ನೀವು ನಾಲ್ಕು ದಿನಕ್ಕೆ ಇಳಿದರೆ ಸಂಬಳ ಐದರಲ್ಲಿ ಒಂದು ಪಾಲು ಇಳಿಯುತ್ತದೆ, ಆದರೆ ಮಿತಿ ನಿಮಗಾಗಿ ಇಳಿಯುವುದಿಲ್ಲ. ಹೊರದೇಶದಿಂದ ಬಂದ ಪರಿಣತರ ಸಂಬಳದ ಒಂದು ಪಾಲಿಗೆ ತೆರಿಗೆ ಬಿಡುವ '30 ಪರ್ಸೆಂಟ್ ರೂಲಿಂಗ್' ಅನ್ನುವ ರಿಯಾಯಿತಿಗೂ ಇಂಥದ್ದೇ ಬೇರೆ ಮಿತಿ ಇದೆ. ಡಚ್ ಸಹೋದ್ಯೋಗಿಗೆ ಇದು ಬರೀ ದುಡ್ಡಿನ ಲೆಕ್ಕ. ನಮಗೆ ಇಲ್ಲಿ ಇರುವುದಕ್ಕೇ ಸಂಬಂಧಪಟ್ಟ ಲೆಕ್ಕ. ಒಂದು ಗಂಟೆ ಕಡಿಮೆ ಮಾಡುವ ಮುಂಚೆಯೂ ಎಚ್‌ಆರ್ ಹತ್ತಿರ ಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳಿ.

ಸಂಬಳ ಮಿತಿಯ ಹತ್ತಿರವೇ ಇದ್ದರೂ ದಾರಿ ಇದೆ. 40 ಗಂಟೆಯನ್ನೇ ಇಟ್ಟುಕೊಂಡು ದಿನಕ್ಕೆ ಒಂದೊಂದು ಗಂಟೆ ಜಾಸ್ತಿ ಮಾಡಿ, ಎರಡು ವಾರಕ್ಕೊಮ್ಮೆ ಶುಕ್ರವಾರ ಬಿಡುವು ತೆಗೆದುಕೊಳ್ಳುವವರು ತುಂಬಾ ಇದ್ದಾರೆ. ಸಂಬಳ ಒಂದು ಪೈಸೆ ಇಳಿಯುವುದಿಲ್ಲ. ಮಗುವಿಗೆ 8 ವರ್ಷ ಆಗುವವರೆಗೆ ತಂದೆಗೂ ತಾಯಿಗೂ ತಲಾ 26 ವಾರ ಪೋಷಕರ ರಜೆಯ ಹಕ್ಕೂ ಇದೆ. ವಾರಕ್ಕೊಂದು ದಿನದಂತೆ ಹಂಚಿಕೊಂಡರೆ ಎರಡೂವರೆ ವರ್ಷ ಬರುತ್ತದೆ. ಆದರೆ ಅದರಲ್ಲಿ ಭತ್ಯೆ ಸಿಗುವ 9 ವಾರವನ್ನು ಮಗುವಿನ ಮೊದಲ ವರ್ಷದಲ್ಲೇ ತೆಗೆದುಕೊಳ್ಳಬೇಕು. ನಿಮ್ಮ ಮಗಳಿಗೆ ಆ ವಯಸ್ಸು ದಾಟಿದೆ, ಹಾಗಾಗಿ ನಿಮ್ಮದು ಸಂಬಳವಿಲ್ಲದ ರಜೆ ಆಗುತ್ತದೆ. ಇದನ್ನೂ ವೀಸಾ ಲೆಕ್ಕದ ಜೊತೆಗೇ ಕೇಳಿ.

ಇದರಿಂದ ಕೆಲಸದಲ್ಲಿ ನೆಮ್ಮದಿ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಆದರೆ ಮನೆಯಲ್ಲಿ ಕೂತು ಕೆಲಸ ಮಾಡುವುದರಿಂದಲ್ಲ. ಬೆಂಗಳೂರಿನಲ್ಲೂ ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ಅದು ಮ್ಯಾನೇಜರ್ ಮನಸ್ಸು ಮಾಡಿ ಕೊಟ್ಟದ್ದು. ಮ್ಯಾನೇಜರ್ ಬದಲಾದ ಕೂಡಲೇ ಹೋಯಿತು. ಇದ್ದಾಗಲೂ, ಮನೆಯಲ್ಲೇ ಇದ್ದಾನಲ್ಲ ಅಂತ ರಾತ್ರಿ ಹತ್ತಕ್ಕೆ ಕಾಲ್ ಬರುತ್ತಿತ್ತು. ಇಲ್ಲಿ ನನ್ನ ಬುಧವಾರ ನನ್ನ ಕಾಂಟ್ರ್ಯಾಕ್ಟ್‌ನಲ್ಲಿದೆ. ಯಾರ ಹತ್ತಿರವೂ ಪ್ರತಿ ವಾರ ಕೇಳಬೇಕಾಗಿಲ್ಲ, ಯಾರ ಋಣವೂ ಇಲ್ಲ. ಆ ಒಂದು ದಿನ ಗಟ್ಟಿ ಇರುವುದರಿಂದ ಉಳಿದ ನಾಲ್ಕು ದಿನ ಮನಸ್ಸಿಟ್ಟು ಕೆಲಸ ಮಾಡುತ್ತೇನೆ. ಇಲ್ಲಿಯ ಎಷ್ಟೋ ಪ್ರೈಮರಿ ಶಾಲೆಗಳು ಬುಧವಾರ ಮಧ್ಯಾಹ್ನವೇ ಬಿಡುತ್ತವೆ. ಶಾಲೆಯ ಗೇಟಿನ ಹತ್ತಿರ ನಿಂತ ಅಪ್ಪಂದಿರ ಗುಂಪಿನಲ್ಲಿ ನಾನೂ ಒಬ್ಬ. ನನ್ನ ಒಳ್ಳೆಯ ಡಚ್ ಸ್ನೇಹಿತರು ಸಿಕ್ಕಿದ್ದು ಅಲ್ಲೇ, ಆಫೀಸಿನಲ್ಲಲ್ಲ.

ಒಂದು ಎಚ್ಚರಿಕೆ. ನಿಮ್ಮ ಟೀಮಿನ ಅರ್ಧ ಜನ ಬೆಂಗಳೂರಿನಲ್ಲಿದ್ದಾರೆ ಅಂದಿದ್ದೀರಿ. ಅಲ್ಲಿ ಬೆಳಗ್ಗೆ ಒಂಬತ್ತೂವರೆ ಅಂದರೆ ಇಲ್ಲಿ ಬೇಸಿಗೆಯಲ್ಲಿ ಆರು ಗಂಟೆ, ಚಳಿಗಾಲದಲ್ಲಿ ಐದು. ಸಂಜೆ ಇಲ್ಲಿಯವರ ಜೊತೆ ಮೀಟಿಂಗ್. ಎರಡೂ ಕಡೆ ನಾನೇ ನೋಡಿಕೊಳ್ತೀನಿ ಅಂತ ಒಪ್ಪಿಕೊಂಡರೆ ಫ್ಲೆಕ್ಸಿಬಲ್ ಅನ್ನುವುದು ದಿನಕ್ಕೆ ಹನ್ನೆರಡು ಗಂಟೆಯ ದುಡಿತ ಆಗುತ್ತದೆ. ನಮ್ಮವರೇ ಹೀಗೆ ಸೊರಗಿದ್ದನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಮೊದಲ ವಾರವೇ ನಿಮ್ಮ ಹೊತ್ತು ಇಷ್ಟರಿಂದ ಇಷ್ಟು ಅಂತ ಎರಡೂ ಕಡೆಗೆ ಹೇಳಿಬಿಡಿ.

ಹಾಗೆಯೇ ಮೊದಲ ಚಳಿಗಾಲದಲ್ಲಿ ಕಡ್ಡಾಯ ಇರಲಿ ಬಿಡಲಿ, ಆಫೀಸಿಗೆ ಹೋಗಿ. ಡಿಸೆಂಬರ್‌ನಲ್ಲಿ ಬೆಳಕಾಗುವಷ್ಟರಲ್ಲಿ ಎಂಟೂಮುಕ್ಕಾಲು, ನಾಲ್ಕೂವರೆಗೆ ಕತ್ತಲು. ಹೊಸ ಊರಲ್ಲಿ ನಾಲ್ಕು ಗೋಡೆ ನೋಡಿಕೊಂಡು ಕೂರಬೇಡಿ. ಹನ್ನೆರಡಕ್ಕೆ ಸರಿಯಾಗಿ ಎಲ್ಲರೂ ಬ್ರೆಡ್ಡು, ಚೀಸು, ಮಜ್ಜಿಗೆ ಹಿಡಿದು ಒಂದೇ ಟೇಬಲ್ಲಿಗೆ ಬರುತ್ತಾರೆ. ನೀವು ಚಿತ್ರಾನ್ನ ತೆಗೆದುಕೊಂಡು ಹೋಗಿ, ಪರವಾಗಿಲ್ಲ. ಹುಟ್ಟುಹಬ್ಬದವರೇ ಎಲ್ಲರಿಗೂ ಕೇಕ್ ತರುತ್ತಾರೆ, ಅದನ್ನೂ ತಪ್ಪಿಸಬೇಡಿ.

ಕೊನೆಯದಾಗಿ ನಿಮ್ಮ ಯಜಮಾನರ ವಿಷಯ. ನಿಮ್ಮ ವೀಸಾದ ಮೇಲೆ ಬರುವ ಅವರು ಬೇರೆ ಪರ್ಮಿಟ್ ಇಲ್ಲದೆ ಇಲ್ಲಿ ಕೆಲಸ ಮಾಡಬಹುದು. ಅವರೂ ದುಡಿಯಲು ಶುರು ಮಾಡಿದ ಮೇಲೆ ಕ್ರೆಷ್ ಖರ್ಚಿಗೆ ಸರ್ಕಾರದ ಭತ್ಯೆ ಸಿಗುತ್ತದೆ. ಇಲ್ಲಿ ಗಂಟೆ ಕಡಿಮೆ ಮಾಡಿಕೊಳ್ಳುವವರಲ್ಲಿ ಹೆಂಗಸರೇ ಜಾಸ್ತಿ, ಅದರಿಂದ ಅವರ ಪೆನ್ಶನ್ನೂ ಬಡ್ತಿಯೂ ಹಿಂದೆ ಬೀಳುತ್ತವೆ. ಅದಕ್ಕೇ ಹೇಳುತ್ತೇನೆ, ನೀವೊಬ್ಬರೇ ಎರಡು ದಿನ ಬಿಡಬೇಡಿ. ಸಂಬಳ ಮಿತಿಗಿಂತ ಮೇಲಿದ್ದರೆ ಇಬ್ಬರೂ ಒಂದೊಂದು ದಿನ ಬಿಡಿ. ಮಗಳು ಕ್ರೆಷ್‌ಗೆ ಮೂರು ದಿನ ಹೋದರೆ ಸಾಕಾಗುತ್ತದೆ. ಅಲ್ಲಿ ಮಂಗಳವಾರ, ಗುರುವಾರಕ್ಕೆ ಜಾಗ ಸಿಗುವುದೇ ಕಷ್ಟ, ಬುಧವಾರ, ಶುಕ್ರವಾರ ಸುಲಭ. ವೇಟಿಂಗ್ ಲಿಸ್ಟ್ ತಿಂಗಳುಗಟ್ಟಲೆ ಇರುತ್ತದೆ. ವಿಮಾನ ಹತ್ತುವವರೆಗೆ ಕಾಯಬೇಡಿ, ಮನೆಯ ವಿಳಾಸ ಗೊತ್ತಾದ ದಿನವೇ ಹತ್ತಿರದ ಎರಡು ಮೂರು ಕ್ರೆಷ್‌ಗಳಲ್ಲಿ ಹೆಸರು ಬರೆಸಿ.