ಸಾಧನೆಯ ಪಟ್ಟಿಯನ್ನು ಓದುವ ಬಗೆ

ಪ್ರಶ್ನೆ: ನನ್ನ ಮಗಳು ಪಿಎಚ್‌.ಡಿ.ಗೆ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳುವ ಹಂತದಲ್ಲಿದ್ದಾಳೆ. ಎಲ್ಲ ವಿಶ್ವವಿದ್ಯಾಲಯಗಳೂ ತಮ್ಮ ಅಧ್ಯಾಪಕರ ಇತ್ತೀಚಿನ ಸಾಧನೆಗಳೆಂದು ಪ್ರಬಂಧ, ಪೇಟೆಂಟ್, ಪ್ರಶಸ್ತಿ, ಎಚ್‌-ಇಂಡೆಕ್ಸ್‌ಗಳ ಉದ್ದನೆಯ ಪಟ್ಟಿಯನ್ನು ಹೊರತರುತ್ತವೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು?

ಉತ್ತರ: ಪಟ್ಟಿಯಲ್ಲಿ ಎಷ್ಟು ಸಾಲುಗಳಿವೆ ಎಂಬುದನ್ನು ಬದಿಗಿಟ್ಟು, ಪ್ರತಿ ಸಾಲಿನ ಹಿಂದೆ ಯಾವ ಕೆಲಸವಿದೆ, ಆ ವಿಷಯ ಬಲ್ಲ ಹೊರಗಿನವರು ಅದನ್ನು ಪರೀಕ್ಷಿಸಿದ್ದಾರೆಯೇ ಎಂದು ನೋಡಿ. ಪೇಟೆಂಟ್ ವಿಚಾರವನ್ನೇ ತೆಗೆದುಕೊಳ್ಳಿ. ಹೆಚ್ಚಿನ ದೇಶಗಳಲ್ಲಿ ಅರ್ಜಿ ಸಲ್ಲಿಸಿದ 18 ತಿಂಗಳಿಗೆ ಅದು ತಾನಾಗಿಯೇ ಪ್ರಕಟವಾಗುತ್ತದೆ; ಅದರಲ್ಲಿ ಹೊಸತೇನಾದರೂ ಇದೆಯೇ ಎಂಬ ತೀರ್ಮಾನ ಅಷ್ಟರೊಳಗೆ ಆಗಿರಲೇಬೇಕೆಂದಿಲ್ಲ. ಆದ್ದರಿಂದ ‘ಪೇಟೆಂಟ್ ಪ್ರಕಟವಾಗಿದೆ’ ಎಂಬ ಮಾತಿಗೂ ‘ಪೇಟೆಂಟ್ ಮಂಜೂರಾಗಿದೆ’ ಎಂಬ ಮಾತಿಗೂ ಬಹಳ ಅಂತರವಿದೆ.

ಎಚ್‌-ಇಂಡೆಕ್ಸ್ ಎಂಬುದು ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಅಳತೆ. ಒಬ್ಬರ ಎಚ್‌-ಇಂಡೆಕ್ಸ್ 20 ಎಂದರೆ ಅವರ 20 ಪ್ರಬಂಧಗಳನ್ನು ಇತರ ಪ್ರಬಂಧಗಳು ತಲಾ 20 ಬಾರಿಯಾದರೂ ಉಲ್ಲೇಖಿಸಿವೆ ಎಂದರ್ಥ. ಜೀವಮಾನದಲ್ಲಿ ಮೂರೇ ಪ್ರಬಂಧ ಬರೆದವರ ಎಚ್‌-ಇಂಡೆಕ್ಸ್, ಆ ಒಂದೊಂದನ್ನೂ ಸಾವಿರಾರು ಜನ ಉಲ್ಲೇಖಿಸಿದ್ದರೂ, ಮೂರನ್ನು ದಾಟುವುದಿಲ್ಲ. ವೈದ್ಯವಿಜ್ಞಾನದಲ್ಲಿ ಉಲ್ಲೇಖಗಳು ಬೇಗ ಕೂಡಿಕೊಳ್ಳುತ್ತವೆ, ಗಣಿತದಲ್ಲಿ ನಿಧಾನವಾಗಿ. ಹಾಗಾಗಿ ಎರಡು ವಿಭಾಗಗಳ ಅಧ್ಯಾಪಕರನ್ನು ಈ ಒಂದೇ ಅಂಕಿಯಿಂದ ತೂಗುವುದು ಅನ್ಯಾಯ.

‘ಇತ್ತೀಚಿನ’ ಎಂಬ ಪದದ ಬಗ್ಗೆಯೂ ಎಚ್ಚರವಿರಲಿ. ಜೀವರಸಾಯನ ವಿಜ್ಞಾನಿ ಕಾತಲಿನ್ ಕಾರಿಕೊ ಅವರಿಗೆ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಸೂಚನೆಯನ್ನು ಜೀವಕೋಶಕ್ಕೆ ಒಯ್ಯುವ ಅಣು) ಸಂಶೋಧನೆಗೆ ಧನಸಹಾಯ ದೊರೆಯದೆ, 1995ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರಿಗೆ ಹಿಂಬಡ್ತಿ ನೀಡಿತು. ಡ್ರೂ ವೈಸ್‌ಮನ್ ಅವರ ಜೊತೆಗೂಡಿ 2005ರಲ್ಲಿ ಅವರು ಪ್ರಕಟಿಸಿದ ಕೆಲಸವೇ ಮುಂದೆ ಎಂಆರ್‌ಎನ್‌ಎ ಬಗೆಯ ಕೋವಿಡ್ ಲಸಿಕೆಗಳಿಗೆ ಆಧಾರವಾಗಿ, 2023ರಲ್ಲಿ ಇಬ್ಬರಿಗೂ ನೊಬೆಲ್ ತಂದಿತು. 1995ರ ಸಾಧನೆಗಳ ಪಟ್ಟಿಯಲ್ಲಿ ಅವರನ್ನು ಹುಡುಕುತ್ತಿದ್ದವರಿಗೆ ಏನು ಸಿಗುತ್ತಿತ್ತು?

ನಿಮ್ಮ ಮಗಳಿಗೆ ಒಂದು ಮಾತು ಹೇಳಿ: ಮಾರ್ಗದರ್ಶಕರಾಗಬಹುದಾದವರ ಇತ್ತೀಚಿನ ಎರಡು ಪ್ರಬಂಧಗಳನ್ನು ಪೂರ್ತಿಯಾಗಿ ಓದಲಿ, ಅವರ ಕೈಕೆಳಗೆ ಪಿಎಚ್‌.ಡಿ. ಮುಗಿಸಿದವರು ಪ್ರಬಂಧಗಳಲ್ಲಿ ಮೊದಲ ಲೇಖಕರಾಗಿದ್ದಾರೆಯೇ ಎಂದು ಗಮನಿಸಲಿ, ಸಾಧ್ಯವಾದರೆ ಅಂಥವರೊಬ್ಬರೊಡನೆ ಮಾತನಾಡಲಿ. ಶಿಷ್ಯರನ್ನು ಬೆಳೆಸುವುದು ಅಧ್ಯಾಪಕರ ಅತಿ ದೊಡ್ಡ ಸಾಧನೆ ಎಂದೇ ನಾನು ನಂಬಿದ್ದೇನೆ, ಆದರೆ ಪಟ್ಟಿಗಳಲ್ಲಿ ಅದು ಕಾಣಿಸಿಕೊಳ್ಳುವುದು ಅಪರೂಪ.

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ತಾಂತ್ರಿಕ ಸಹಾಯಕ. ಒಂದು ಪ್ರಯೋಗಕ್ಕೆ ಬೇಕಾದ ಉಪಕರಣವನ್ನು ನಾನೇ ತಯಾರಿಸಿಕೊಟ್ಟೆ. ಪ್ರಬಂಧದ ಕೊನೆಯಲ್ಲಿ ನನಗೊಂದು ಸಾಲಿನ ಕೃತಜ್ಞತೆ ಬಂದಿದೆ. ‘ಸಾಧನೆಗಳನ್ನು ಕಳುಹಿಸಿ’ ಎಂದು ಕಚೇರಿಯಿಂದ ಸುತ್ತೋಲೆ ಬಂದಾಗ ನಮ್ಮಂಥವರು ಏನನ್ನು ಬರೆಯಬೇಕು?

ಉತ್ತರ: ಆ ಉಪಕರಣವನ್ನೇ ಬರೆಯಬೇಕು. ಅಮೆರಿಕದ ಹಾರ್ವರ್ಡ್ ಖಗೋಳ ವೀಕ್ಷಣಾಲಯದಲ್ಲಿ ಹೆನ್ರಿಯೆಟ್ಟಾ ಲೆವಿಟ್ ಪ್ರಾಧ್ಯಾಪಕರಾಗಿರಲಿಲ್ಲ, ಸಿಬ್ಬಂದಿಯಾಗಿದ್ದರು. ಗಾಜಿನ ಛಾಯಾಚಿತ್ರ ಫಲಕಗಳ ಮೇಲೆ ಚುಕ್ಕೆಗಳಾಗಿ ಮೂಡಿದ ನಕ್ಷತ್ರಗಳ ಹೊಳಪನ್ನು ಅಳೆಯುವುದು ಅವರ ನಿತ್ಯದ ಕೆಲಸ. ಹೊಳಪು ಏರಿಳಿಯುವ ಒಂದು ಬಗೆಯ ನಕ್ಷತ್ರಗಳಲ್ಲಿ, ನಕ್ಷತ್ರ ಹೆಚ್ಚು ಪ್ರಕಾಶಮಾನವಾದಷ್ಟೂ ಆ ಏರಿಳಿತದ ಅವಧಿ ದೀರ್ಘವಾಗುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಖಗೋಳವಿಜ್ಞಾನಿ ಎಡ್ವಿನ್ ಹಬಲ್ ಆಂಡ್ರೊಮೆಡಾ ಗೆಲಾಕ್ಸಿ ನಮ್ಮ ಆಕಾಶಗಂಗೆಯ ಆಚೆಗಿದೆ ಎಂದು ತೋರಿಸಿದ್ದು ಇದೇ ಸಂಬಂಧವನ್ನು ಬಳಸಿ ಅದರ ದೂರವನ್ನು ಅಳೆದು. 25 ನಕ್ಷತ್ರಗಳನ್ನು ಕುರಿತ 1912ರ ಆ ವರದಿ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಅವರ ಸಹಿಯಲ್ಲಿ ಹೊರಬಂದರೂ, ಇದನ್ನು ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂದು ಅದರ ಮೊದಲ ವಾಕ್ಯವೇ ಹೇಳುತ್ತದೆ. ಆ ಒಂದು ವಾಕ್ಯ ಇಲ್ಲದಿದ್ದರೆ ನಷ್ಟ ಎಷ್ಟಾಗುತ್ತಿತ್ತು ಎಂದು ಯೋಚಿಸಿ.

ಈಗ ನಿಮಗೆ ಹೆಚ್ಚಿನ ಅನುಕೂಲಗಳಿವೆ. ‘ಕ್ರೆಡಿಟ್’ (CRediT) ಎಂಬ ವ್ಯವಸ್ಥೆಯಲ್ಲಿ ಸಂಶೋಧನೆಗೆ ನೀಡುವ ಕೊಡುಗೆಗಳನ್ನು 14 ಬಗೆಗಳಾಗಿ ವಿಂಗಡಿಸಲಾಗಿದ್ದು, ವಿಧಾನವನ್ನು ರೂಪಿಸುವುದು, ತಂತ್ರಾಂಶ ಬರೆಯುವುದು, ಉಪಕರಣ ಒದಗಿಸುವುದು, ದತ್ತಾಂಶವನ್ನು ಜೋಪಾನವಾಗಿಡುವುದು ಇವೆಲ್ಲ ಅದರಲ್ಲಿ ಸೇರಿವೆ. ಅನೇಕ ಸಂಶೋಧನಾ ಪತ್ರಿಕೆಗಳು ಈ ವಿವರವನ್ನು ಪ್ರಬಂಧದೊಂದಿಗೇ ಪ್ರಕಟಿಸುತ್ತವೆ. ಸಂಶೋಧನೆಯಲ್ಲಿ ತೊಡಗಿದವರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆಯನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು, ಅದಕ್ಕೆ ಪ್ರಾಧ್ಯಾಪಕ ಹುದ್ದೆ ಬೇಕಿಲ್ಲ. ಮುಂದಿನ ಪ್ರಯೋಗದಲ್ಲಿ ಲೇಖಕರ ಪಟ್ಟಿ ಸಿದ್ಧವಾಗುವ ಮೊದಲೇ, ಅಂದರೆ ವಿನ್ಯಾಸದ ಚರ್ಚೆ ನಡೆಯುವಾಗಲೇ, ನಿಮ್ಮ ಪಾಲಿನ ಬಗ್ಗೆ ಪ್ರಾಧ್ಯಾಪಕರೊಂದಿಗೆ ಸಂಕೋಚವಿಲ್ಲದೆ ಮಾತನಾಡಿ.

ಸುತ್ತೋಲೆಗೆ ಉತ್ತರಿಸುವಾಗ ‘ಸಂಶೋಧನೆಗೆ ಸಹಕರಿಸಿದೆ’ ಎಂದು ಬರೆದು ಸುಮ್ಮನಾಗಬೇಡಿ. ಯಾವ ಉಪಕರಣ, ಮೊದಲು ಏನು ಸಾಧ್ಯವಿರಲಿಲ್ಲ, ಈಗ ಏನು ಸಾಧ್ಯವಾಗಿದೆ, ಯಾವ ಪ್ರಬಂಧದ ಯಾವ ಚಿತ್ರ ಅದರಿಂದ ಬಂತು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು, ವಿನ್ಯಾಸದ ನಕ್ಷೆಯನ್ನು ಜೊತೆಗಿಟ್ಟು ಕಳುಹಿಸಿ.